ಮದ್ದು ನಾಟುತ್ತಿಲ್ಲ ಅಂದರೆ ಯಾವ ನ್ಯುಮೋನಿಯಾಕ್ಕೆ, ಯಾವ ಮದ್ದು?

2025ರ ಡಿಸೆಂಬರ್ 28ರಂದು ಪ್ರಸಾರವಾದ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ನರೇಂದ್ರ ಮೋದಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವರದಿಯೊಂದನ್ನು ಪ್ರಸ್ತಾಪಿಸಿದರು. ನ್ಯುಮೋನಿಯಾ, ಮೂತ್ರನಾಳದ ಸೋಂಕು ಮೊದಲಾದ ಕಾಯಿಲೆಗಳ ಎದುರು ಆ್ಯಂಟಿಬಯೋಟಿಕ್‌ಗಳು ಸೋಲುತ್ತಿವೆ, ವೈದ್ಯರನ್ನು ಕೇಳದೆ ಅವನ್ನು ನುಂಗಬೇಡಿ ಎಂಬುದು ಅವರ ಮಾತಿನ ಸಾರ. ಅದಕ್ಕೂ ಮುಂಚೆ, ಅಕ್ಟೋಬರ್‌ನಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಮುಂದಿಟ್ಟಿತ್ತು. 2023ರಲ್ಲಿ ಪ್ರಯೋಗಾಲಯದಲ್ಲಿ ಖಚಿತಪಟ್ಟ ಬ್ಯಾಕ್ಟೀರಿಯಾ ಸೋಂಕುಗಳ ಪೈಕಿ ಜಗತ್ತಿನಲ್ಲಿ ಆರಕ್ಕೊಂದು ಔಷಧಕ್ಕೆ ಬಗ್ಗದ್ದು. ಭಾರತವೂ ಸೇರಿರುವ ಆಗ್ನೇಯ ಏಷ್ಯಾ ವಲಯದಲ್ಲಿ ಮೂರಕ್ಕೊಂದು.

ಇಂಥ ಸುದ್ದಿ ಓದಿದವರಿಗೆ ಏಳುವ ಪ್ರಶ್ನೆ ಸಹಜವಾದದ್ದೇ. ಮಗುವಿನ ಕೆಮ್ಮಿಗೆ ಡಾಕ್ಟರು ಬರೆದುಕೊಟ್ಟ ಅಮಾಕ್ಸಿಸಿಲಿನ್ ಇನ್ನು ಕೆಲಸಕ್ಕೆ ಬಾರದೇ? ಅದಕ್ಕಿಂತ ‘ಪವರ್ ಜಾಸ್ತಿ’ ಇರುವುದನ್ನು ಕೇಳಿ ಪಡೆಯಬೇಕೇ? ಎರಡನೆಯ ಪ್ರಶ್ನೆ ಅಪಾಯಕಾರಿ. ಅದಕ್ಕೆ ‘ಹೌದು’ ಎಂದುಕೊಂಡವರ ಸಂಖ್ಯೆ ಹೆಚ್ಚಿದಷ್ಟೂ ಸುದ್ದಿಯಲ್ಲಿರುವ ಸಮಸ್ಯೆ ಬೆಳೆಯುತ್ತದೆ. ‘ಪ್ರತಿರೋಧ’ ಎಂಬ ಪದಕ್ಕೆ ಒಂಟಿಯಾಗಿ ಅರ್ಥವಿಲ್ಲ. ಯಾವ ರೋಗಾಣು, ಯಾವ ಔಷಧ, ಎಷ್ಟು ಪ್ರಮಾಣ, ದೇಹದ ಯಾವ ಭಾಗ ಎಂದು ಹೇಳಿದಾಗಷ್ಟೇ ಅದರಿಂದ ಏನಾದರೂ ತಿಳಿಯುತ್ತದೆ.

ಒಂದೇ ಹೆಸರು, ಬೇರೆ ಬೇರೆ ಕಾಯಿಲೆ

ಮನೆಯಲ್ಲಿದ್ದಾಗ, ಶಾಲೆ ಕಚೇರಿಗೆ ಓಡಾಡುವಾಗ ಹತ್ತುವ ನ್ಯುಮೋನಿಯಾ ಒಂದು ಬಗೆ. ಅದರ ಹಿಂದಿರುವುದು ಹೆಚ್ಚಾಗಿ ವೈರಸ್‌ಗಳು. ಬ್ಯಾಕ್ಟೀರಿಯಾಗಳ ಪೈಕಿ ಮುಖ್ಯವಾದದ್ದು ನ್ಯುಮೊಕಾಕಸ್, ಅಂದರೆ ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ. ಅದರ ಜೊತೆಗೆ ಹಿಮೊಫಿಲಸ್ ಇನ್‌ಫ್ಲುಯೆಂಜೆ, ಮೈಕೊಪ್ಲಾಸ್ಮಾ. ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ದಿನಗಟ್ಟಲೆ ವೆಂಟಿಲೇಟರ್ ಮೇಲಿರುವವರಿಗೆ ಬರುವ ನ್ಯುಮೋನಿಯಾ ಇನ್ನೊಂದು ಬಗೆ. ಅಲ್ಲಿ ಕಾಣುವುದು ಕ್ಲೆಬ್ಸಿಯೆಲ್ಲಾ, ಎಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್.

ಐಸಿಎಂಆರ್ 2013ರಲ್ಲಿ ಕಟ್ಟಿದ ಪ್ರತಿರೋಧ ನಿಗಾ ಜಾಲಕ್ಕೆ ಮಾದರಿಗಳು ಬರುವುದು ಬಹುತೇಕ ದೊಡ್ಡ ಆಸ್ಪತ್ರೆಗಳಿಂದ. ಅಲ್ಲಿಗೆ ಬರುವವರಲ್ಲಿ ಅನೇಕರು ಆಗಲೇ ಎರಡು ಮೂರು ಕಡೆ ಚಿಕಿತ್ಸೆ ಪಡೆದು, ನಾಲ್ಕಾರು ಬಗೆಯ ಔಷಧ ತೆಗೆದುಕೊಂಡು, ವಾಸಿಯಾಗದೆ ಬಂದವರು. ಹೀಗಾಗಿ ‘ನ್ಯುಮೋನಿಯಾಕ್ಕೆ ಮದ್ದು ನಾಟುತ್ತಿಲ್ಲ’ ಎಂಬ ಸಾಲಿನ ಹಿಂದಿರುವ ಅಂಕಿಗಳಲ್ಲಿ ದೊಡ್ಡ ಪಾಲು ಎರಡನೆಯ ಬಗೆಯದು. ಆ ಅಂಕಿಗಳು ನಿಜ, ಗಾಬರಿಪಡಬೇಕಾದಂಥವೇ. ಆದರೆ ಅವನ್ನು ಬಡಾವಣೆಯ ಕ್ಲಿನಿಕ್ಕಿನ ಕೆಮ್ಮಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಹಾಗಂತ ಎರಡರ ನಡುವೆ ಗೋಡೆಯೇನೂ ಇಲ್ಲ. ನೆಗಡಿಗೆ ನುಂಗಿದ ಮಾತ್ರೆ ಮೂಗು ಗಂಟಲಿಗಷ್ಟೇ ಹೋಗುವುದಿಲ್ಲ, ಕರುಳಿಗೂ ಹೋಗುತ್ತದೆ. ಅಲ್ಲಿ ನಿರುಪದ್ರವಿಯಾಗಿ ನೆಲೆಸಿರುವ ಕ್ಲೆಬ್ಸಿಯೆಲ್ಲಾ, ಇ. ಕೊಲೈಗಳಲ್ಲಿ ಔಷಧಕ್ಕೆ ಬಗ್ಗದವನ್ನೇ ಆರಿಸಿ ಉಳಿಸುತ್ತದೆ. ಮುಂದೊಂದು ದಿನ ಆ ವ್ಯಕ್ತಿ ಶಸ್ತ್ರಚಿಕಿತ್ಸೆಗೆ ದಾಖಲಾದಾಗ ಉಳಿದ ರೋಗಾಣುಗಳೂ ಅವನೊಂದಿಗೇ ಆಸ್ಪತ್ರೆಗೆ ಬರುತ್ತವೆ.

ಒಂದೊಂದು ರೋಗಾಣುವಿಗೆ ಒಂದೊಂದು ಉಪಾಯ

ಅಮಾಕ್ಸಿಸಿಲಿನ್ ಸೇರಿದಂತೆ ಪೆನಿಸಿಲಿನ್ ಬಳಗದ ಔಷಧಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಪ್ರೊಟೀನಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಗೋಡೆಯಿಲ್ಲದೆ ರೋಗಾಣು ಒಡೆದು ಸಾಯುತ್ತದೆ. ಇದನ್ನು ತಪ್ಪಿಸಿಕೊಳ್ಳಲು ನ್ಯುಮೊಕಾಕಸ್ ಆ ಪ್ರೊಟೀನಿನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ. ಗಂಟಲಲ್ಲಿ ಅದರ ಅಕ್ಕಪಕ್ಕ ಬದುಕುವ ಬೇರೆ ಸ್ಟ್ರೆಪ್ಟೊಕಾಕಸ್‌ಗಳು ಸತ್ತಾಗ ಚೆಲ್ಲುವ ಡಿಎನ್‌ಎ ತುಣುಕುಗಳನ್ನು ಹೀರಿಕೊಂಡು, ತನ್ನ ವಂಶವಾಹಿಗೆ ತೇಪೆ ಹಾಕಿಕೊಳ್ಳುತ್ತದೆ. ಪೆನಿಸಿಲಿನ್‌ಗೆ ಬಗ್ಗದ ನ್ಯುಮೊಕಾಕಸ್ 1967ರಲ್ಲೇ ಆಸ್ಟ್ರೇಲಿಯಾದಿಂದ ವರದಿಯಾಗಿತ್ತು. 1977ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಲವು ಔಷಧಗಳಿಗೆ ಒಟ್ಟಿಗೇ ಬಗ್ಗದ ತಳಿಗಳು ಕಂಡವು.

ಆಕಾರ ಬದಲಾದ ಪ್ರೊಟೀನಿಗೆ ಔಷಧ ಅಂಟುವುದೇ ಇಲ್ಲವೆಂದಲ್ಲ, ಸಡಿಲವಾಗಿ ಅಂಟುತ್ತದೆ. ಪ್ರಮಾಣ ಹೆಚ್ಚಿಸಿದರೆ ಮತ್ತೆ ಹಿಡಿತ ಸಿಗುತ್ತದೆ. ಆದ್ದರಿಂದಲೇ ಮಕ್ಕಳ ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಇಂದಿಗೂ ಮೊದಲ ಆಯ್ಕೆ. ಬದಲಾಗಿರುವುದು ಅದರ ಪ್ರಮಾಣ.

ಹಿಮೊಫಿಲಸ್‌ನ ದಾರಿ ಬೇರೆ. ಅದು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸಿ ಅಮಾಕ್ಸಿಸಿಲಿನ್ ಅನ್ನೇ ಕತ್ತರಿಸಿ ಹಾಕುತ್ತದೆ. ಆ ಕತ್ತರಿಯನ್ನು ಹಿಡಿದು ನಿಲ್ಲಿಸಲೆಂದು ಕ್ಲಾವುಲನೇಟ್ ಸೇರಿಸಿದ ಮಾತ್ರೆ ಬಂತು. ‘ಐನೂರಕ್ಕಿಂತ ಆರುನೂರ ಇಪ್ಪತ್ತೈದು ಸ್ಟ್ರಾಂಗು’ ಎಂಬ ಗಟ್ಟಿ ನಂಬಿಕೆಯೊಂದು ನಮ್ಮಲ್ಲಿದೆಯಲ್ಲ, ಆ 625ರಲ್ಲಿ ಇರುವುದು 500 ಮಿ.ಗ್ರಾಂ ಅಮಾಕ್ಸಿಸಿಲಿನ್, 125 ಮಿ.ಗ್ರಾಂ ಕ್ಲಾವುಲನೇಟ್. ನ್ಯುಮೊಕಾಕಸ್‌ನ ಬಳಿ ಆ ಕತ್ತರಿ ಇಲ್ಲವೇ ಇಲ್ಲ. ಹೀಗಾಗಿ ಅದರ ಮಟ್ಟಿಗೆ 625ರ ಮಾತ್ರೆಯೂ 500ರ ಮಾತ್ರೆಯೂ ಒಂದೇ, ಜೊತೆಗೆ ಬರುವ ಭೇದಿಯೊಂದು ಹೆಚ್ಚುವರಿ.

ಸೆಫಿಕ್ಸಿಮ್‌ನದು ಇದಕ್ಕಿಂತ ಸೋಜಿಗದ ಸಂಗತಿ. ‘ಮೂರನೇ ತಲೆಮಾರಿನ’ ಔಷಧ ಎಂಬ ಕಾರಣಕ್ಕೆ ಅದು ಅಮಾಕ್ಸಿಸಿಲಿನ್‌ಗಿಂತ ಬಲಶಾಲಿ ಎಂದು ತಿಳಿಯುವವರು ಬಹಳ. ಪೆನಿಸಿಲಿನ್‌ಗೆ ಸ್ವಲ್ಪ ಮೊಂಡು ಬಿದ್ದ ನ್ಯುಮೊಕಾಕಸ್‌ನ ಎದುರು ಸೆಫಿಕ್ಸಿಮ್ ಸರಿಯಾದ ಪ್ರಮಾಣದ ಅಮಾಕ್ಸಿಸಿಲಿನ್‌ಗಿಂತ ದುರ್ಬಲ. ತಲೆಮಾರಿನ ಸಂಖ್ಯೆ ಹೇಳುವುದು ಔಷಧದ ಹರವನ್ನು, ಅಂದರೆ ಅದು ಯಾವ ಯಾವ ಬಗೆಯ ರೋಗಾಣುಗಳಿಗೆ ತಾಗುತ್ತದೆ ಎಂಬುದನ್ನು, ಬಲವನ್ನಲ್ಲ.

ಮೈಕೊಪ್ಲಾಸ್ಮಾಕ್ಕೆ ಹೊರಗೋಡೆಯೇ ಇಲ್ಲ, ಆದ್ದರಿಂದ ಪೆನಿಸಿಲಿನ್ ಬಳಗದ ಯಾವ ಔಷಧವೂ ಅದಕ್ಕೆ ತಾಗದು. ಅಜಿಥ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬೇಕು. ಚೀನಾದಲ್ಲಿ ಮೈಕೊಪ್ಲಾಸ್ಮಾದ ಬಹುಪಾಲು ತಳಿಗಳು ಅಜಿಥ್ರೊಮೈಸಿನ್‌ಗೂ ಬಗ್ಗುವುದಿಲ್ಲ. ಇನ್ನು ಗಂಟಲುನೋವು ತರುವ ಸ್ಟ್ರೆಪ್ಟೊಕಾಕಸ್ ಪಯೋಜಿನಸ್‌ನದು ಇದಕ್ಕೆ ತದ್ವಿರುದ್ಧ. ಎಂಟು ದಶಕ ಪೆನಿಸಿಲಿನ್ ಬಳಸಿದ ಮೇಲೂ ರೋಗಿಗಳಲ್ಲಿ ಪೆನಿಸಿಲಿನ್ ಅನ್ನು ಪೂರ್ತಿ ಸೋಲಿಸಿದ ತಳಿ ದೃಢಪಟ್ಟಿಲ್ಲ. ಆದರೆ ಅಜಿಥ್ರೊಮೈಸಿನ್‌ಗೆ ಬಗ್ಗದವು ಬೇಕಾದಷ್ಟಿವೆ. ಹಳೆಯ, ಅಗ್ಗದ ಮದ್ದು ಇಲ್ಲಿ ಹೊಸದಕ್ಕಿಂತ ಮೇಲು.

ಒಂದೇ ಅಂಕಿ, ಎರಡು ತೀರ್ಪು

ಸುದ್ದಿಯ ಗೊಂದಲಕ್ಕೆ ಮತ್ತೊಂದು ಕಾರಣ ಪ್ರಯೋಗಾಲಯದ ಅಳತೆ. ರೋಗಾಣು ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರ್ ದ್ರವದಲ್ಲಿ ಕನಿಷ್ಠ ಎಷ್ಟು ಮೈಕ್ರೊಗ್ರಾಂ ಔಷಧ ಬೇಕು ಎಂದು ಅಲ್ಲಿ ನೋಡುತ್ತಾರೆ. ಇದಕ್ಕೆ ಎಂಐಸಿ ಎನ್ನುತ್ತಾರೆ. ಒಬ್ಬ ರೋಗಿಯ ನ್ಯುಮೊಕಾಕಸ್‌ಗೆ ಪೆನಿಸಿಲಿನ್‌ನ ಎಂಐಸಿ 1 ಎಂದು ಬಂತೆನ್ನಿ. ಅದು ಮಿದುಳು ಪೊರೆಯ ಉರಿಯೂತದ ರೋಗಿಯದಾಗಿದ್ದರೆ ವರದಿಯಲ್ಲಿ ‘ಪ್ರತಿರೋಧ ಇದೆ’ ಎಂದು ಬರೆಯುತ್ತಾರೆ. ಅಲ್ಲಿ 0.12 ಮುಟ್ಟಿದರೇ ಪ್ರತಿರೋಧ, ಏಕೆಂದರೆ ಮಿದುಳಿನ ಸುತ್ತಲ ದ್ರವಕ್ಕೆ ಔಷಧ ಇಳಿಯುವುದೇ ಅತ್ಯಲ್ಪ. ಅದೇ ರೋಗಾಣು ಶ್ವಾಸಕೋಶದಿಂದ ಬಂದಿದ್ದು, ರೋಗಿಗೆ ಪೆನಿಸಿಲಿನ್ ರಕ್ತನಾಳದ ಮೂಲಕ ಕೊಡುವಂತಿದ್ದರೆ ವರದಿ ‘ನಾಟುತ್ತದೆ’ ಎನ್ನುತ್ತದೆ. ಅಲ್ಲಿ 2ರ ತನಕ ನಾಟುವ ಲೆಕ್ಕ, 8ರಿಂದ ಮೇಲೆ ಪ್ರತಿರೋಧ.

ಅಮೆರಿಕದ ಸಿಎಲ್‌ಎಸ್‌ಐ ಎಂಬ ಮಾನದಂಡ ಸಂಸ್ಥೆ ಈ ಎರಡು ಗೆರೆಗಳನ್ನು ಬೇರೆ ಮಾಡಿದ್ದು 2008ರಲ್ಲಿ. ಯಾವ ಗೆರೆ ಹಿಡಿದು ಲೆಕ್ಕ ಹಾಕಿದ್ದಾರೆಂದು ಹೇಳದೆ ‘ಇಷ್ಟು ಶೇಕಡಾ ನ್ಯುಮೊಕಾಕಸ್ ಪೆನಿಸಿಲಿನ್‌ಗೆ ಬಗ್ಗುತ್ತಿಲ್ಲ’ ಎಂದು ಬರೆದರೆ ಓದುಗನ ಕೈಗೆ ಏನೂ ಸಿಗುವುದಿಲ್ಲ. ಮಿದುಳಿನ ಸೋಂಕಿಗೆ ದೊಡ್ಡ ಸಂಕಟವಾಗುವ ಸಂಖ್ಯೆಯೇ ಶ್ವಾಸಕೋಶದ ಸೋಂಕಿಗೆ ಸಣ್ಣ ತೊಡಕಷ್ಟೇ ಆಗಿರಬಹುದು.

ಅಜಿಥ್ರೊಮೈಸಿನ್ ಮೊದಲು ಸೋತದ್ದೇಕೆ

ದಿನಕ್ಕೊಂದು ಮಾತ್ರೆ, ಮೂರು ದಿನ, ಮುಗಿಯಿತು. ಅಜಿಥ್ರೊಮೈಸಿನ್ ಜನಪ್ರಿಯವಾದದ್ದು ಈ ಸಲೀಸಿನಿಂದ. ಭಾರತದ ಖಾಸಗಿ ಔಷಧ ಮಾರುಕಟ್ಟೆಯ 2019ರ ಲೆಕ್ಕದಲ್ಲಿ ಎಲ್ಲ ಆ್ಯಂಟಿಬಯೋಟಿಕ್‌ಗಳ ಪೈಕಿ ಅತಿ ಹೆಚ್ಚು ಬಳಕೆಯಾದದ್ದು ಅಜಿಥ್ರೊಮೈಸಿನ್ 500 ಮಿ.ಗ್ರಾಂ ಮಾತ್ರೆ. ಎರಡನೆಯದು ಸೆಫಿಕ್ಸಿಮ್ 200. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇವೆರಡೂ ‘ನಿಗಾ’ ಪಟ್ಟಿಯವು, ಎಂದರೆ ಪ್ರತಿರೋಧ ಬೇಗ ಹುಟ್ಟಿಸುವ, ಕೈಬಿಗಿ ಹಿಡಿದು ಬಳಸಬೇಕಾದಂಥವು. ಕೋವಿಡ್ ಬಂದ ಮೇಲೆ ಇದು ಇನ್ನೂ ಏರಿತು. 2020ರ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮಾಮೂಲಿಗಿಂತ ಸುಮಾರು 3.8 ಕೋಟಿ ಡೋಸ್ ಅಜಿಥ್ರೊಮೈಸಿನ್ ಹೆಚ್ಚುವರಿಯಾಗಿ ಖರ್ಚಾಯಿತೆಂದು ಸಂಶೋಧಕರು ಅಂದಾಜಿಸಿದ್ದಾರೆ. ಅದೂ ವೈರಸ್ ಕಾಯಿಲೆಗೆ.

ಸಲೀಸು ಎಲ್ಲಿಂದ ಬಂತೋ ತೊಂದರೆಯೂ ಅಲ್ಲಿಂದಲೇ. ಅಮಾಕ್ಸಿಸಿಲಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ಗಂಟೆಯ ಆಸುಪಾಸು ಸಾಕು. ಅಜಿಥ್ರೊಮೈಸಿನ್‌ಗೆ ಸುಮಾರು 68 ಗಂಟೆ. ಮೂರನೇ ದಿನ ಮಾತ್ರೆ ನಿಂತರೂ ದೇಹದೊಳಗೆ ಅದು ವಾರಗಟ್ಟಲೆ ಇಳಿಯುತ್ತ ಇಳಿಯುತ್ತ ಉಳಿದಿರುತ್ತದೆ. ಆ ಕೊನೆಯ ದಿನಗಳ ತೆಳು ಪ್ರಮಾಣ ರೋಗಾಣುವನ್ನು ಕೊಲ್ಲುವಷ್ಟಿಲ್ಲ. ಆದರೆ ಬಗ್ಗುವವನ್ನು ಹಿಂದಕ್ಕೆ ತಳ್ಳಿ ಬಗ್ಗದವಕ್ಕೆ ಜಾಗ ಬಿಡಿಸಿಕೊಡಲು ಅಷ್ಟು ಸಾಕು. ಬೆಲ್ಜಿಯಂನಲ್ಲಿ ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ನೇರವಾಗಿ ತೋರಿಸಿತು. ಒಂದೇ ಕೋರ್ಸಿನ ನಂತರ ಅವರ ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಪ್ರತಿರೋಧದ ಪಾಲು ಜಿಗಿಯಿತು, ಆರು ತಿಂಗಳು ಕಳೆದರೂ ಹಳೆಯ ಮಟ್ಟಕ್ಕೆ ಇಳಿಯಲಿಲ್ಲ.

ಅಜಿಥ್ರೊಮೈಸಿನ್ ಬಳಗಕ್ಕೆ ನ್ಯುಮೊಕಾಕಸ್ ಒಡ್ಡುವ ಪ್ರತಿರೋಧದಲ್ಲಿ ಎರಡು ವಿಧ. ಒಂದರಲ್ಲಿ ಒಳಬಂದ ಔಷಧವನ್ನು ಪಂಪಿನಂತೆ ಹೊರಗೆ ದಬ್ಬುತ್ತದೆ. ಇನ್ನೊಂದರಲ್ಲಿ ರೋಗಾಣುವಿನೊಳಗೆ ಪ್ರೊಟೀನು ತಯಾರಿಸುವ ರೈಬೊಸೋಮಿನಲ್ಲಿ ಔಷಧ ಕೂರಬೇಕಾದ ಜಾಗಕ್ಕೇ ರಾಸಾಯನಿಕ ಮುಚ್ಚಳ ಹಾಕುತ್ತದೆ. ಎರಡನೆಯದನ್ನು ಪ್ರಮಾಣ ಹೆಚ್ಚಿಸಿ ಗೆಲ್ಲಲು ಆಗದು. ಅಮಾಕ್ಸಿಸಿಲಿನ್‌ಗೆ ಇರುವ ಎರಡನೇ ಅವಕಾಶ ಅಜಿಥ್ರೊಮೈಸಿನ್‌ಗೆ ಇಲ್ಲ. ಅಮೆರಿಕದ 2019ರ ಮಾರ್ಗಸೂಚಿ ಕೂಡ ನ್ಯುಮೊಕಾಕಸ್‌ನ ಪ್ರತಿರೋಧ ಶೇ 25ಕ್ಕಿಂತ ಕಡಿಮೆ ಇರುವ ಪ್ರದೇಶದಲ್ಲಷ್ಟೇ ನ್ಯುಮೋನಿಯಾಕ್ಕೆ ಈ ಬಳಗದ ಔಷಧವೊಂದನ್ನೇ ಕೊಡಬಹುದು ಎನ್ನುತ್ತದೆ.

ಬಾಟಲಿಯ ಲೆಕ್ಕ

ಎಲ್ಲ ಸೋಲನ್ನೂ ಪ್ರತಿರೋಧದ ತಲೆಗೆ ಕಟ್ಟುವುದು ತಪ್ಪು. ಹಲವು ಸಲ ಔಷಧ ಸೋಲುವುದು ಚಮಚದಲ್ಲಿ.

ಐದು ವರ್ಷದೊಳಗಿನ ಮಗುವಿಗೆ ನ್ಯುಮೋನಿಯಾ ಆದಾಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅಮಾಕ್ಸಿಸಿಲಿನ್ ಪ್ರಮಾಣ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 80 ಮಿ.ಗ್ರಾಂ, ಎರಡು ಪಾಲಾಗಿ. ಹತ್ತು ಕಿಲೊ ತೂಗುವ ಮಗುವಿಗೆ ಹೊತ್ತಿಗೆ 400 ಮಿ.ಗ್ರಾಂ. ಐದು ಮಿಲಿಲೀಟರ್‌ಗೆ 250 ಮಿ.ಗ್ರಾಂ ಇರುವ ಸಿರಪ್ಪಾದರೆ ಹೊತ್ತಿಗೆ 8 ಮಿಲಿಲೀಟರ್, ದಿನಕ್ಕೆ 16, ಐದು ದಿನಕ್ಕೆ 80. ಅಂಗಡಿಯಲ್ಲಿ ಸಿಗುವ 30 ಮಿಲಿಲೀಟರ್ ಬಾಟಲಿ ಎರಡು ದಿನಕ್ಕೂ ಸಾಲದು, ಹತ್ತಿರ ಹತ್ತಿರ ಮೂರು ಬಾಟಲಿ ಬೇಕು. ಅದರ ಬದಲು ಐದು ಮಿಲಿಲೀಟರ್‌ಗೆ 125 ಮಿ.ಗ್ರಾಂ ಇರುವ ಸಿರಪ್ಪನ್ನು ಹೊತ್ತಿಗೊಂದು ಚಮಚದಂತೆ ಮೂರು ಹೊತ್ತು ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು ದಿನಕ್ಕೆ 375 ಮಿ.ಗ್ರಾಂ, ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ. ಮೊಂಡು ಬಿದ್ದ ನ್ಯುಮೊಕಾಕಸ್‌ಗೆ ಇಷ್ಟು ಸಾಲದು. ಬಾಟಲಿ ಎರಡೇ ದಿನಕ್ಕೆ ಬರಿದಾಗುತ್ತದೆ, ಜ್ವರ ಹಾಗೇ ಇರುತ್ತದೆ, ‘ಇದು ನಾಟಲಿಲ್ಲ’ ಎಂದು ಇನ್ನೂ ಹರವಾದ ಔಷಧಕ್ಕೆ ಹಾರುತ್ತಾರೆ. ಪ್ರಮಾಣವನ್ನು ಮನೆಯಲ್ಲಿ ತಾವೇ ಏರಿಸಿಕೊಳ್ಳಿ ಎಂದು ಇದರ ಅರ್ಥವಲ್ಲ. ಮಗುವಿನ ತೂಕ ನೋಡದೆ ಬರೆದ ಚೀಟಿ ಅಪೂರ್ಣ ಎಂಬುದಂತೂ ನಿಜ, ತೂಕ ಹೇಳಿ ಕೇಳುವ ಹಕ್ಕು ಪೋಷಕರಿಗಿದೆ.

ಒಣ ಪುಡಿ ಸಿರಪ್ ಕಲಸುವುದರಲ್ಲೂ ಎಡವಟ್ಟಾಗುತ್ತದೆ. ಬಾಟಲಿಯನ್ನು ಮೊದಲು ಬಡಿದು, ತಳಕ್ಕಂಟಿದ ಪುಡಿಯನ್ನು ಸಡಿಲಿಸಬೇಕು. ಕಾಯಿಸಿ ಆರಿಸಿದ ನೀರನ್ನು ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಬಾಣದ ಗುರುತಿನ ತನಕ ತುಂಬಿ ಮತ್ತೆ ಕುಲುಕಬೇಕು. ಒಂದೇ ಸಲ ಗುರುತಿನವರೆಗೆ ನೀರು ಸುರಿದರೆ ತಳದಲ್ಲಿ ಗಂಟು ಉಳಿಯುತ್ತದೆ, ನೊರೆಯಿಂದ ಮಟ್ಟವೂ ತಪ್ಪು ತೋರುತ್ತದೆ. ಮೊದಲ ಹೊತ್ತು ನೀರುನೀರು, ಕೊನೆಯ ಹೊತ್ತು ಗಟ್ಟಿ. ಕ್ಲಾವುಲನೇಟ್ ಇರುವ ಸಿರಪ್ಪು ಕಲಸಿದ ಮೇಲೆ ಫ್ರಿಜ್‌ನಲ್ಲಿರಬೇಕು, ಏಳು ದಿನಕ್ಕೆ ಎಸೆಯಬೇಕು. ಏಪ್ರಿಲ್ ತಿಂಗಳ ರಾಯಚೂರಿನ ಸೆಕೆಯಲ್ಲಿ ಕಪಾಟಿನೊಳಗಿಟ್ಟರೆ ಕ್ಲಾವುಲನೇಟ್ ಬೇಗ ಕೆಡುತ್ತದೆ. ಅಡುಗೆಮನೆಯ ಚಮಚದಿಂದ ಅಳೆಯಬಾರದು, ಬಾಟಲಿಯ ಜೊತೆ ಬರುವ ಮುಚ್ಚಳ ಅಥವಾ ಸಿರಿಂಜ್ ಬಳಸಬೇಕು.

ಹೊತ್ತಿಗೆ ಹೊತ್ತಿಗೆ ಕೊಡಬೇಕೆನ್ನುವುದಕ್ಕೂ ಕಾರಣವಿದೆ. ಪೆನಿಸಿಲಿನ್ ಬಳಗದ ಔಷಧಗಳು ಕೊಲ್ಲುವುದು ರಕ್ತದಲ್ಲಿ ಎಷ್ಟು ಎತ್ತರಕ್ಕೇರಿದವು ಎಂಬುದರಿಂದಲ್ಲ, ಎಂಐಸಿಗಿಂತ ಮೇಲೆ ಎಷ್ಟು ಹೊತ್ತು ಉಳಿದವು ಎಂಬುದರಿಂದ. ಮಧ್ಯಾಹ್ನದ ಮಾತ್ರೆ ಮರೆತು ರಾತ್ರಿ ಎರಡು ನುಂಗಿದರೆ ಆ ನಡುವಿನ ಗಂಟೆಗಳು ತುಂಬಿಕೊಳ್ಳುವುದಿಲ್ಲ.

ಕಫದ ಬಣ್ಣ, ಕೆಮ್ಮಿನ ದಿನ, ಉಸಿರಿನ ಎಣಿಕೆ

ಕಫ ಹಳದಿ ಹಸಿರಾದರೆ ಆ್ಯಂಟಿಬಯೋಟಿಕ್ ಬೇಕು ಎಂಬ ತಿಳಿವಳಿಕೆ ಆಳವಾಗಿ ಬೇರೂರಿದೆ. ಆ ಹಸಿರು ಬಿಳಿ ರಕ್ತಕಣಗಳೊಳಗಿನ ಕಿಣ್ವದ ಬಣ್ಣ. ವೈರಸ್ ಬಂದರೂ ಆ ಕಣಗಳು ಓಡಿಬರುತ್ತವೆ. ಕೆಮ್ಮು ವಾರ ಕಳೆದರೂ ನಿಂತಿಲ್ಲ ಎಂಬುದೂ ಸೂಚನೆಯಲ್ಲ. ಮಾಮೂಲಿ ಎದೆಕೆಮ್ಮು ಸರಾಸರಿ 18 ದಿನದಷ್ಟು ಎಳೆಯುತ್ತದೆ. ಹತ್ತನೇ ದಿನ ಶುರು ಮಾಡಿದ ಮಾತ್ರೆಗೆ ಹದಿನೈದನೇ ದಿನ ತಾನಾಗಿ ಇಳಿದ ಕೆಮ್ಮಿನ ಹೆಸರು ಬರುತ್ತದೆ, ಮುಂದಿನ ಸಲ ಅದೇ ಮಾತ್ರೆ ನೆನಪಾಗುತ್ತದೆ.

ಮಕ್ಕಳಲ್ಲಿ ನಿಜವಾಗಿ ಲೆಕ್ಕಕ್ಕೆ ಬರುವುದು ಉಸಿರು. ಮಗು ಅಳದೆ ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷಕ್ಕೆ 40. ಇಷ್ಟು ಮುಟ್ಟಿದರೆ ಅಥವಾ ದಾಟಿದರೆ ವೇಗದ ಉಸಿರು. ಅದರ ಜೊತೆ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಅಂಗಡಿಗಲ್ಲ, ಆಸ್ಪತ್ರೆಗೆ ಓಡಬೇಕು. ಆಶಾ ಕಾರ್ಯಕರ್ತೆಯರಿಗೆ ಕಲಿಸುವುದೂ ಇದನ್ನೇ. ದೊಡ್ಡವರಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಬೇಕು. ಅದನ್ನು ಬಿಟ್ಟು ಲೆವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರೆ ಕ್ಷಯ ಇದ್ದಲ್ಲಿ ಕೆಲವು ವಾರ ಅಡಗಿ ಕೂರುತ್ತದೆ. ಪತ್ತೆ ತಡವಾಗುತ್ತದೆ, ಕ್ಷಯಕ್ಕೆ ಬೇಕಾದ ಒಂದು ಮುಖ್ಯ ಔಷಧವೂ ಮೊಂಡಾಗುತ್ತದೆ.

ಕೋರ್ಸ್ ಮುಗಿಸಲೇಬೇಕೆ?

ಇಲ್ಲಿ ತಜ್ಞರ ಮಾತೇ ಬದಲಾಗಿದೆ, ಜನ ಗೊಂದಲಗೊಂಡದ್ದರಲ್ಲಿ ತಪ್ಪಿಲ್ಲ. ‘ಅರ್ಧಕ್ಕೆ ಬಿಟ್ಟರೆ ಪ್ರತಿರೋಧ ಹುಟ್ಟುತ್ತದೆ’ ಎಂಬುದು ದಶಕಗಳ ಉಪದೇಶ. ಈಗಿನ ಪುರಾವೆ ಹೇಳುವುದು ಬೇರೆ. ಹೆಚ್ಚು ದಿನ ನುಂಗಿದಷ್ಟೂ ಮೂಗು, ಗಂಟಲು, ಕರುಳಿನ ಇತರ ಬ್ಯಾಕ್ಟೀರಿಯಾಗಳ ಮೇಲೆ ಒತ್ತಡ ಹೆಚ್ಚು, ಪ್ರತಿರೋಧವೂ ಹೆಚ್ಚು. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಕ್ಕಳ ನ್ಯುಮೋನಿಯಾಕ್ಕೆ ಮೂರು ದಿನದ ಅಮಾಕ್ಸಿಸಿಲಿನ್ ಏಳು ದಿನದಷ್ಟೇ ಫಲ ಕೊಟ್ಟಿತು. ಕೆನಡಾದಲ್ಲಿ ಐದು ದಿನ ಹತ್ತು ದಿನಕ್ಕೆ ಸಮವಾಯಿತು.

ಇದರಿಂದ ‘ಜ್ವರ ಇಳಿದ ದಿನವೇ ನಿಲ್ಲಿಸಬಹುದು’ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಕಡಿಮೆ ದಿನದ ಕೋರ್ಸನ್ನು ವೈದ್ಯರೇ ಬರೆಯಬೇಕು, ಬರೆದಷ್ಟನ್ನು ರೋಗಿ ಮುಗಿಸಬೇಕು. ನಮ್ಮ ದೇಶದಲ್ಲಿ ಮರೆಯಬಾರದ ಅಪವಾದವೂ ಒಂದಿದೆ. ಸ್ಟ್ರೆಪ್ಟೊಕಾಕಸ್‌ನ ಗಂಟಲುನೋವಿಗೆ ಹತ್ತು ದಿನದ ಪೆನಿಸಿಲಿನ್ ಹೇಳುವುದು ಗಂಟಲಿಗಾಗಿ ಅಲ್ಲ, ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ತಡೆಯಲು. ಮಾತ್ರೆ ತಪ್ಪುತ್ತದೆ ಎನಿಸಿದರೆ ಬೆಂಜಥಿನ್ ಪೆನಿಸಿಲಿನ್ ಚುಚ್ಚುಮದ್ದು ಒಂದೇ ಸಾಕು.

ಹೊಸ ಮದ್ದು ಬಂತಲ್ಲ?

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಜಿತೇಂದ್ರ ಸಿಂಗ್ ನಫಿತ್ರೊಮೈಸಿನ್ ಎಂಬ ಔಷಧವನ್ನು ಅನಾವರಣಗೊಳಿಸಿದರು. ವೊಕಾರ್ಡ್ ಕಂಪನಿ ಕೇಂದ್ರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರ್ಯಾಕ್‌ನ ನೆರವಿನೊಂದಿಗೆ ರೂಪಿಸಿದ್ದು. ವಯಸ್ಕರಿಗೆ ಆಸ್ಪತ್ರೆಯ ಹೊರಗೆ ಹತ್ತುವ ನ್ಯುಮೋನಿಯಾಕ್ಕೆ ದಿನಕ್ಕೊಮ್ಮೆ 800 ಮಿ.ಗ್ರಾಂ, ಮೂರು ದಿನ. ಅಜಿಥ್ರೊಮೈಸಿನ್‌ನ ಸೋದರಸಂಬಂಧಿಯಾದರೂ ಇದು ರೈಬೊಸೋಮನ್ನು ಎರಡು ಕಡೆ ಹಿಡಿಯುತ್ತದೆ. ಹಾಗಾಗಿ ಒಂದು ಜಾಗಕ್ಕೆ ಮುಚ್ಚಳ ಬಿದ್ದರೂ ಇನ್ನೊಂದರಲ್ಲಿ ಹಿಡಿತ ಉಳಿಯುತ್ತದೆ.

ಭಾರತದಲ್ಲಿ ರೂಪುಗೊಂಡ ಹೊಸ ಆ್ಯಂಟಿಬಯೋಟಿಕ್ ಎಂಬ ಹೆಮ್ಮೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆಯ ಕ್ಲೆಬ್ಸಿಯೆಲ್ಲಾ, ಎಸಿನೆಟೊಬ್ಯಾಕ್ಟರ್‌ಗಳಿಗೆ ಇದು ಪರಿಹಾರವಲ್ಲ. ಐಸಿಎಂಆರ್ ವರದಿಯ ಭಯ ಒಂದು ಕಡೆ, ಈ ಔಷಧದ ಗುರಿ ಇನ್ನೊಂದು ಕಡೆ. ದಿನಕ್ಕೊಂದು, ಮೂರು ದಿನ ಎಂಬ ಅದೇ ಸಲೀಸು ಇದಕ್ಕೂ ಇದೆ. ನೆಗಡಿ ಕೆಮ್ಮಿನ ಚೀಟಿಗೆ ಇದು ಇಳಿದರೆ ಅಜಿಥ್ರೊಮೈಸಿನ್ ನಡೆದ ದಾರಿಯಲ್ಲೇ ಹೋಗುತ್ತದೆ.

ಹಿಂದಿರುಗುವ ದಾರಿ

ಕಳೆದುಕೊಂಡದ್ದನ್ನು ಸ್ವಲ್ಪ ಮಟ್ಟಿಗಾದರೂ ಮರಳಿ ಪಡೆಯಬಹುದು. ಫಿನ್ಲೆಂಡ್‌ನಲ್ಲಿ 1992ರಲ್ಲಿ ಗಂಟಲಿನ ಸ್ಟ್ರೆಪ್ಟೊಕಾಕಸ್‌ಗಳಲ್ಲಿ ಶೇ 16.5ರಷ್ಟು ಅಜಿಥ್ರೊಮೈಸಿನ್ ಬಳಗದ ಎರಿಥ್ರೊಮೈಸಿನ್‌ಗೆ ಬಗ್ಗುತ್ತಿರಲಿಲ್ಲ. ಈ ಬಳಗದ ಔಷಧಗಳನ್ನು ಕಡಿಮೆ ಬರೆಯುವಂತೆ ದೇಶವ್ಯಾಪಿ ಸಲಹೆ ಕೊಟ್ಟರು, ಬಳಕೆ ಇಳಿಯಿತು, 1996ರ ಹೊತ್ತಿಗೆ ಪ್ರತಿರೋಧ ಶೇ 8.6ಕ್ಕೆ ಬಂತು.

ಇನ್ನೊಂದು ದಾರಿ ಲಸಿಕೆ. ಅಮೆರಿಕದಲ್ಲಿ 2000ದಲ್ಲಿ ನ್ಯುಮೊಕಾಕಸ್ ಲಸಿಕೆ ಶುರುವಾದಾಗ ಪ್ರತಿರೋಧವುಳ್ಳ ತಳಿಗಳ ಸೋಂಕು ಇಳಿಯಿತು. ಆಮೇಲೆ ಲಸಿಕೆಯಲ್ಲಿ ಇಲ್ಲದಿದ್ದ 19ಎ ಎಂಬ ಬಗೆ ತಲೆಯೆತ್ತಿತು, ಅದನ್ನೂ ಸೇರಿಸಿದ ಲಸಿಕೆ 2010ರಲ್ಲಿ ಬಂತು. ಭಾರತದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾದ ಪಿಸಿವಿ ಎಂಬ ನ್ಯುಮೊಕಾಕಸ್ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಯಾವ ಬಗೆಯ ನ್ಯುಮೊಕಾಕಸ್ ಎಲ್ಲಿ ಹರಡಿದೆ, ಲಸಿಕೆಯ ನಂತರ ಏನು ಬದಲಾಯಿತು ಎಂದು ಹುಡುಕುವ ಕೆಲಸದಲ್ಲಿ ವೆಲ್ಲೂರಿನ ಸಿಎಂಸಿ, ಬೆಂಗಳೂರಿನ ಕಿಮ್ಸ್ ಪ್ರಯೋಗಾಲಯಗಳು ವರ್ಷಗಳಿಂದ ತೊಡಗಿವೆ. ತಾಯಿ ಕಾರ್ಡಿನಲ್ಲಿ ಪಿಸಿವಿಯ ಮೂರೂ ಗುರುತು ಬಿದ್ದಿವೆಯೇ ಎಂದು ನೋಡುವುದು ಯಾವ ಮನೆಗೂ ಕಷ್ಟವಲ್ಲ.

ಅಂಗಡಿಯೋ, ಕ್ಲಿನಿಕ್ಕೋ?

ಚೀಟಿಯಿಲ್ಲದೆ ಮಾರುವುದನ್ನು ನಿಲ್ಲಿಸಿದರೆ ಸಾಕು ಎನ್ನುವವರು ಕೇರಳವನ್ನು ತೋರಿಸುತ್ತಾರೆ. 2018ರಲ್ಲಿ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡ ಆ ರಾಜ್ಯ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಔಷಧ ಅಂಗಡಿಗಳ ದಿಢೀರ್ ತಪಾಸಣೆ ಆರಂಭಿಸಿತು. ದೇಶದ ಮಟ್ಟದಲ್ಲಿ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಇದೆ. ಅದರಲ್ಲಿರುವ ಔಷಧ ಮಾರಿದರೆ ವೈದ್ಯರ, ರೋಗಿಯ ಹೆಸರು, ಪ್ರಮಾಣವನ್ನು ಪ್ರತ್ಯೇಕ ದಾಖಲೆಯಲ್ಲಿ ಬರೆದು ಮೂರು ವರ್ಷ ಇಡಬೇಕು. ಆರಂಭದ 46 ಔಷಧಗಳಲ್ಲಿ ಸೆಫಿಕ್ಸಿಮ್, ಲೆವೊಫ್ಲಾಕ್ಸಸಿನ್ ಇದ್ದವು. ಅತಿ ಹೆಚ್ಚು ಖರ್ಚಾಗುವ ಅಜಿಥ್ರೊಮೈಸಿನ್ ಇರಲಿಲ್ಲ.

ಎದುರು ವಾದವೂ ಹಗುರವಲ್ಲ. ವೈದ್ಯರೇ ಸಿಗದ ಊರಿನಲ್ಲಿ ಅಂಗಡಿಯ ಬಾಗಿಲು ಮುಚ್ಚಿದರೆ, ನಿಜವಾಗಿ ಅಮಾಕ್ಸಿಸಿಲಿನ್ ಬೇಕಾದ ಮಗು ಸಾಯಬಹುದು. ಔಷಧ ಸಿಗದೆ ಸಾಯುವವರು ಇನ್ನೂ ಇದ್ದಾರೆ. ಆಸ್ಪತ್ರೆಯ ತೀವ್ರ ಪ್ರತಿರೋಧದ ಸೋಂಕುಗಳಲ್ಲೂ ಹಾಗೇ. ಕೊನೆಯ ಅಸ್ತ್ರವೆನಿಸಿದ ಕಾರ್ಬಪೆನೆಮ್ ಬಳಗದ ಔಷಧಗಳಿಗೂ ಬಗ್ಗದ ಸೋಂಕುಗಳ ಪೈಕಿ ಭಾರತದಲ್ಲಿ ಸೂಕ್ತ ಔಷಧ ಸಿಕ್ಕಿದ್ದು ಶೇ 7.8ಕ್ಕೆ ಮಾತ್ರ ಎಂದು 2019ರ ಅಂಕಿಗಳನ್ನಾಧರಿಸಿದ ಅಂದಾಜೊಂದು ಹೇಳುತ್ತದೆ.

ಆದರೆ ಎರಡೂ ವಾದಗಳು ಅಂಗಡಿಯನ್ನೇ ನೋಡುತ್ತಿವೆ. ಚೀಟಿ ಹಿಡಿದು ಬಂದವರ ಕೈಯಲ್ಲೂ ಅದೇ ಅಜಿಥ್ರೊಮೈಸಿನ್ ಇದ್ದರೆ ನಿಷೇಧದಿಂದ ಉಪಯೋಗವೇನು? ವೈದ್ಯರ ಕಷ್ಟವೂ ನಿಜ. ಕಫದ ಕಲ್ಚರ್ ವರದಿಗೆ ಎರಡು ಮೂರು ದಿನ, ಹೊರಗೆ ಉದ್ದನೆಯ ಸಾಲು, ಏನೂ ಬರೆಯದೆ ಕಳಿಸಿದರೆ ರೋಗಿ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾನೆ. ಭಾರತೀಯ ವೈದ್ಯಕೀಯ ಸಂಘವೇ 2023ರ ಮಾರ್ಚ್‌ನಲ್ಲಿ, ಋತುಮಾನದ ಜ್ವರ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬರೆಯಬೇಡಿ ಎಂದು ಸದಸ್ಯರನ್ನು ಕೇಳಿಕೊಳ್ಳಬೇಕಾಯಿತು.

2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳಿಗೆ ಪತ್ರ ಬರೆದು, ಆ್ಯಂಟಿಬಯೋಟಿಕ್ ಬರೆಯುವಾಗ ಅದು ಯಾವ ಕಾರಣಕ್ಕೆ ಎಂಬುದನ್ನೂ ಚೀಟಿಯಲ್ಲೇ ನಮೂದಿಸಿ ಎಂದು ಸೂಚಿಸಿದರು. ಹೆಚ್ಚು ಚರ್ಚೆಯಾಗದೆ ಹೋದ ಈ ಸೂಚನೆಗೆ ಯಂತ್ರ ಬೇಡ, ಪ್ರಯೋಗಾಲಯ ಬೇಡ, ಹೊಸ ಕಾನೂನೂ ಬೇಡ. ‘ಅಮಾಕ್ಸಿಸಿಲಿನ್ 400 ಮಿ.ಗ್ರಾಂ, ಎರಡು ಹೊತ್ತು, ಐದು ದಿನ, ನ್ಯುಮೋನಿಯಾ, ಉಸಿರು ನಿಮಿಷಕ್ಕೆ 52, ತೂಕ 10 ಕಿಲೊ’ ಎಂದು ಬರೆದ ಚೀಟಿಯನ್ನು ಅಂಗಡಿಯವನೂ ಓದಬಲ್ಲ, ತಾಯಿಯೂ ಓದಬಲ್ಲಳು, ಮೂರನೇ ದಿನ ನೋಡುವ ಇನ್ನೊಬ್ಬ ವೈದ್ಯನೂ ಓದಬಲ್ಲ. ಅದೇ ಜಾಗದಲ್ಲಿ ಅಜಿಥ್ರೊಮೈಸಿನ್ ಎಂದು ಬರೆದು ಅದರ ಮುಂದೆ ‘ನೆಗಡಿ’ ಎಂದು ಬರೆಯಬೇಕಾಗಿ ಬಂದರೆ ಪೆನ್ನು ಅಲ್ಲೇ ನಿಲ್ಲುತ್ತದೆ.